ಮುಖ ಬಾಕಿಯಿದ್ದ ಕಂಬ

ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ ಒಬ್ಬ ಶಿಲ್ಪಿಯಿದ್ದನಂತೆ. ಬಸದಿಯ ಕಂಬಗಳನ್ನೆಲ್ಲ ಕೆತ್ತಿ ಮುಗಿಸುತ್ತೇನೆಂದು ಜಿನಬಿಂಬದ ಮುಂದೆ ಮಾತು ಕೊಟ್ಟಿದ್ದನಂತೆ. ಕೊನೆಯ ಕಂಬದ ನರ್ತಕಿಗೆ ಕಾಲ್ಗೆಜ್ಜೆ ಬಂತು, ಸೊಂಟದ ಡಾಬು ಬಂತು, ಹೆರಳಿನ ಹೂವೂ ಬಂತು. ಮುಖವೊಂದು ಬಾಕಿ. ಅಷ್ಟರಲ್ಲಿ ಹೊಟ್ಟೆಕಿಚ್ಚಿನ ಇನ್ನೊಬ್ಬ ಶಿಲ್ಪಿ ಅವನಿಗೆ ಮಾಟ ಮಾಡಿಸಿದ. ಉಳಿ ಹಿಡಿದ ಕೈ ಹಿಡಿದಂತೆಯೇ ಸೆಟೆದು, ಅವನು ಕಂಬದ ಬುಡದಲ್ಲೇ ಸತ್ತ. ಸತ್ತವನು ಹೋಗಲಿಲ್ಲ, ಕೊಟ್ಟ ಮಾತು ಅವನನ್ನು ಬಿಡಲಿಲ್ಲ. ಕಲ್ಲಿನಲ್ಲಿ ಮುಖ ಸಿಗದೆ, ಎದುರು ಬಂದವರ ಮುಖಕ್ಕೆ ಕೈ ಹಾಕತೊಡಗಿದ. ಕೊನೆಗೆ ಕುರಿ ಕಾಯುವ ಮುದುಕಿಯೊಬ್ಬಳು ಕರಿಯುಣ್ಣೆಯ ನೂಲು ತೆಗೆದು, ಮಂತ್ರಿಸಿ, ಕಂಬಕ್ಕೆ ಸುತ್ತಿ ಅವನನ್ನು ಮಲಗಿಸಿದಳಂತೆ.

"ಅದೇ ಕಂಬ ಕಣವ್ವ ಇದು. ನೂಲು ಸವೆದಂಗೆಲ್ಲ ನಮ್ಮ ಮನೆ ಹೆಣ್ಮಕ್ಕಳೇ ಹೊಸದು ಸುತ್ತಿಕೊಂಡು ಬಂದೀವಿ. ನೋಡು, ಆದ್ರೆ ಮುಟ್ಟಬ್ಯಾಡ," ಎಂದಳು ಹೊನ್ನಕ್ಕ.

ಸೊಸೆ ಶಶಿರೇಖಾ ನಕ್ಕಳು. ದಾವಣಗೆರೆಯಲ್ಲಿ ಬೆಳೆದವಳು, ಮೊಳಕಾಲ್ಮೂರು ಕಡೆಯ ಈ ಹಟ್ಟಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಮಾರಣ್ಣ ಕುರಿ ಹೊಡೆದುಕೊಂಡು ರಾಯದುರ್ಗದಾಚೆ ವಲಸೆ ಹೋಗಿದ್ದ. "ಯುಗಾದಿಗೆ ಬರ್ತೀನಿ. ನಾನು ದೂರದಾಗೆ ಇದ್ದಾಗ್ಲೇ ನಿನ್ನ ಮುಖ ಬಾಗಿಲಾಗೆ ಕಾಣಬೇಕು ನೋಡು," ಎಂದಿದ್ದ. ಅವನಿಲ್ಲದ ದಿನಗಳು ಉದ್ದ. ಹೊತ್ತು ಕಳೆಯಲೆಂದೇ ಅತ್ತೆಯ ಬೆನ್ನು ಹತ್ತಿ ಬಸದಿಗೆ ಬಂದಿದ್ದಳು.

ಒಳಗೆ ತಣ್ಣನೆಯ ಕತ್ತಲು. ಬಾವಲಿ ಹಿಕ್ಕೆ, ಹಳೆಯ ಎಣ್ಣೆಯ ಜಿಡ್ಡು, ಕುರಿಮೈಯ ವಾಸನೆ. ಕಡೆದು ನುಣುಪಾಗಿಸಿದ ಕಂಬಗಳಲ್ಲಿ ಬಾಗಿಲ ಬೆಳಕು ನೀರಿನಂತೆ ಅಲ್ಲಾಡುತ್ತಿತ್ತು. ಬಳ್ಳಿ, ಹಂಸ, ಆನೆಸಾಲು. ಒಂದು ಕಂಬ ಮಾತ್ರ ಕಪ್ಪು ನೂಲು ಹೊದ್ದು ನಿಂತಿತ್ತು.

"ಪಾಪ, ಎಷ್ಟು ಕಾಲದಿಂದ ಮುಖ ಇಲ್ದೆ ನಿಂತವಳೆ! ಬೇಕಿದ್ರೆ ನಂದೇ ಇಟ್ಕೊಳ್ಳಲಿ ಬಿಡ್ರಿ, ಅತ್ತೆ," ಎಂದಳು ಶಶಿರೇಖಾ.

"ಅಂಥ ಮಾತು ಆಡಬ್ಯಾಡ!"

ಹೊನ್ನಕ್ಕ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಅವಳು ನೂಲನ್ನು ಹಲ್ಲಿನಿಂದ ಕಡಿದಾಗಿತ್ತು. ಸುರುಳಿಗಳು ಸರಸರನೆ ಜಾರಿ ನೆಲಕ್ಕೆ ಬಿದ್ದವು. ನರ್ತಕಿ ಹೊರಬಂದಳು. ಹೆರಳಿನ ಕೆಳಗೆ, ಮುಖವಿರಬೇಕಾದಲ್ಲಿ, ಮೊಟ್ಟೆಯಂಥ ಬೋಳು ಕಲ್ಲು.

ಆ ಸಂಜೆ ಹಟ್ಟಿಯಲ್ಲಿ ಎಲ್ಲಿಂದಲೋ ಸದ್ದು ಕೇಳಿತು. ಟಣ್. ನಿಂತು, ಮತ್ತೆ ಟಣ್.

ಬೆಳಿಗ್ಗೆ ಹೆಂಚಿನ ಮೇಲೆ ರೊಟ್ಟಿ ಕರಕಲಾಗಿ ಹೊಗೆ ಅಟ್ಟಕ್ಕೇರಿದರೂ ಶಶಿರೇಖಾಗೆ ಗೊತ್ತಾಗಲಿಲ್ಲ. "ಮೂಗೇನು ಮಾರಣ್ಣನ ಕೂಡ ಕಳಿಸಿದ್ಯಾ?" ಎಂದು ಹೊನ್ನಕ್ಕ ಗದರಿದಳು. ನೆಗಡಿ ಎಂದಳು ಶಶಿರೇಖಾ. ನೆಗಡಿಯಿರಲಿಲ್ಲ. ಹಿತ್ತಲಿಗೆ ಹೋಗಿ ಸೀಮೆಎಣ್ಣೆಯ ಡಬ್ಬಿ ಮೂಸಿದಳು. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ನೀರು ಮೂಸಿದ ಹಾಗಿತ್ತು. ಅಷ್ಟು ನಕ್ಕಿದ್ದವಳು ಈಗ ಯಾವ ಬಾಯಲ್ಲಿ ಹೇಳುವುದು?

ಮಾರನೇ ದಿನ ಮತ್ತೆ ಟಣ್. ಈ ಸಲ ತಲೆಯೊಳಗೆ. ಬಲಗಿವಿಗೆ ಯಾರೋ ಹಸಿ ಮಣ್ಣು ಮೆತ್ತಿದಂತಾಗಿ, ಕುರಿಮರಿಗಳ ಅರಚಾಟ ಒಂದೇ ಕಡೆಯಿಂದ ಬರತೊಡಗಿತು. ಅವಳು ಓಡಿಬಂದು ಅತ್ತೆಯ ಮಡಿಲಿಗೆ ಬಿದ್ದಳು.

"ಕಿವಿ ಹೋಯ್ತು ಅತ್ತೆ. ಮುಂದೆ ಕಣ್ಣು ಹೋದ್ರೆ ಅವರನ್ನ ನಾನು ಹೆಂಗೆ ನೋಡಲಿ?"

ಹೊನ್ನಕ್ಕ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಹರಿದ ಕೈನೇ ಕಟ್ಟಬೇಕು. ಉಣ್ಣೆ ನೀನೇ ತರಬೇಕು, ನೀನೇ ನೂಲಬೇಕು, ನೀನೊಬ್ಬಳೇ ಹೋಗಿ ಸುತ್ತಬೇಕು. ಮನೇಲಿದ್ದ ಉಣ್ಣೆ ಎಲ್ಲ ಕಂಬಳಿಗೆ ಹೋಯ್ತು, ಕುರಿ ನೋಡಿದ್ರೆ ವಲಸೆ ಹೋಗ್ಯಾವೆ. ಚಳ್ಳಕೆರೆ ಸಂತೆಗೆ ಹೋಗು. ಆದ್ರೆ ಒಂದು ಮಾತು ತಾಯಿ. ಬದುಕಿರೋ ಕುರಿ ಮೈಮ್ಯಾಲಿಂದ ಕತ್ತರಿಸಿದ್ದೇ ಆಗಬೇಕು. ಅದು ಜಿನನ ಮನೆ. ಕೊಯ್ದ ಕುರಿ ತೊಗಲಿಂದ ಕಿತ್ತ ಉಣ್ಣೆ ಒಳಗೆ ಹೋದ್ರೆ ಕಟ್ಟು ನಿಲ್ಲಲ್ಲ."

"ಅದು ಗೊತ್ತಾಗೋದೆಂಗೆ?"

"ತೊಗಲಿಗೆ ಸುಣ್ಣ ಬಳಿದು ಕೀಳ್ತಾರೆ. ಆ ನಾತ ಮೂಗಿದ್ದೋರಿಗೆಲ್ಲ ಗೊತ್ತಾಗತೈತೆ."

ಶಶಿರೇಖಾಳ ಕೈ ತಾನಾಗಿಯೇ ಮೂಗಿಗೆ ಹೋಯಿತು. ಹೇಳಲು ಬಾಯಿ ತೆರೆದಳು. ಹೇಳಿದರೆ ಅತ್ತೆಯ ಕಣ್ಣಲ್ಲಿ ಉಳಿದಿದ್ದ ಚೂರು ಭರವಸೆಯೂ ಆರಿಹೋಗುತ್ತದೆ ಅನ್ನಿಸಿತು. ಮಾರುವವರನ್ನೇ ಕೇಳಿದರಾಯಿತು ಎಂದುಕೊಂಡು, ನೂಲುವ ತಕಲಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೊರಟಳು.

ಚಳ್ಳಕೆರೆ ಬಸ್ಸಿನಲ್ಲಿ ಕ್ಯಾಸೆಟ್ಟಿನ ಹಾಡು ಅರ್ಧಕ್ಕೇ ನಿಂತುಹೋಯಿತು. ಆದರೆ ಮುಂದಿನ ಸೀಟಿನ ಹುಡುಗಿಯ ಕಾಲು ಇನ್ನೂ ತಾಳ ಹಾಕುತ್ತಿತ್ತು. ಶಶಿರೇಖಾ ಎಡಗಿವಿಯನ್ನು ಬಡಿದುಕೊಂಡಳು. ನಿಶ್ಶಬ್ದ. ಅದರ ಆಳದಲ್ಲಿ ಉಳಿಯ ಸದ್ದೊಂದೇ.

ಸಂತೆಯಲ್ಲಿ ಕರಿಯುಣ್ಣೆ ಗುಡ್ಡೆ ಹಾಕಿಕೊಂಡು ಕೂತಿದ್ದವಳು ನಿಂಗಕ್ಕ. "ಇದು ಬದುಕಿರೋ ಕುರೀದೇನಕ್ಕ?" ಎಂದು ಶಶಿರೇಖಾ ಕೇಳಿದಳು. ತನ್ನ ದನಿ ತನಗೇ ಕೇಳಲಿಲ್ಲ.

"ಅಲ್ಲ ಕಣವ್ವ, ತೊಗಲಿಂದ ಕಿತ್ತಿದ್ದು. ಹಾಸೋಕೆ ಅಡ್ಡಿಯಿಲ್ಲ," ಎಂದಳು ನಿಂಗಕ್ಕ ನಗುತ್ತ. "ನಾತಕ್ಕೇ ಗೊತ್ತಾಗಲ್ವೇನೆ?"

ಶಶಿರೇಖಾಗೆ ಕಂಡದ್ದು ಆ ನಗುವೊಂದೇ. ಹೌದೆಂದೇ ನಕ್ಕಳು, ಒಳ್ಳೆಯ ಹೆಂಗಸು ಅನ್ನಿಸಿತು. ಉಣ್ಣೆಯನ್ನು ಮಡಿಲು ತುಂಬಿಕೊಂಡಳು.

ಸಂತೆ ಮಗ್ಗುಲಿನ ಮರದಡಿ ಕೂತು ತಕಲಿ ತಿರುಗಿಸಿದಳು. ಮದುವೆಯಾದ ಹೊಸದರಲ್ಲಿ ಅತ್ತೆ ಕಲಿಸಿದ್ದ ಕೆಲಸ. ಬಸ್ಸಿನಲ್ಲೂ ನೂತಳು, ಬಸದಿಯ ದಾರಿಯಲ್ಲಿ ನಡೆಯುತ್ತಲೂ ನೂತಳು. ನೂಲು ಎಲ್ಲೂ ಹರಿಯಲಿಲ್ಲ. ಜಟಿಂಗ ರಾಮೇಶ್ವರನ ಬೆಟ್ಟದ ಹಿಂದೆ ಹೊತ್ತು ಇಳಿಯುತ್ತಿದ್ದಾಗ ಹೊಸ್ತಿಲು ದಾಟಿದಳು.

ನರ್ತಕಿಗೆ ಮೂಗು ಬಂದಿತ್ತು. ಎಡ ಹೊಳ್ಳೆಯ ಮೇಲೆ ಮೂಗುತಿ. ಅವಳದೇ ಮೂಗುತಿ. ಎರಡೂ ಕಿವಿ, ಕಿವಿಯಲ್ಲಿ ಅವಳದೇ ಜುಮುಕಿ. ಕಣ್ಣಿನ ಜಾಗದಲ್ಲಿ ಉಳಿಯ ಗುರುತು ಆಗಲೇ ಬಿದ್ದಿತ್ತು.

ಕಂಬವನ್ನು ತಬ್ಬಿ ಸುತ್ತತೊಡಗಿದಳು. ಒಂದು ಸುತ್ತು. ಇನ್ನೊಂದು. ಗೆಜ್ಜೆ ಮುಚ್ಚಿತು. ಸೊಂಟ ಮುಚ್ಚಿತು. ಉಳಿಯ ಸದ್ದು ತಡೆದು ನಿಂತಿತು. ಅವಳು ಅಳುತ್ತಲೇ ನಕ್ಕಳು. ಎದೆಯವರೆಗೆ ಬಂದಳು. ಆಗ ಬೆರಳಿಗೆ ಏನೋ ಅಂಟಿತು. ನೂಲು ಒದ್ದೆಯಾಗಿತ್ತು. ಬೆಚ್ಚಗಿತ್ತು. ಹಸಿ ತೊಗಲಿನಂತೆ ಜಿಗುಟಾಗಿತ್ತು. ಸುರುಳಿಗಳು ತಾವಾಗಿ ಕಳಚಿದವು. ಕೆಳಗೆ ಕೆಂಪು ಮಡು.

ಅವಳಿಗೆ ಅರ್ಥವಾಯಿತು. ಓಡಬೇಕು. ಬಾಗಿಲಲ್ಲಿ ಬೆಳಕಿನ ಪಟ್ಟಿ. ಅಲ್ಲಿಗೆ ಮುಟ್ಟಿದರೆ ಸಾಕು. ಟಣ್. ಅರ್ಧ ಬಾಗಿಲು ಮಾಯವಾಯಿತು. ಮಾರಣ್ಣ, ಬೇಗ ಬಾ. ಒಂದು ಸಲ ನೋಡಿಬಿಡ್ತೀನಿ. ಟಣ್. ಬೆಳಕಿಲ್ಲ. ಸದ್ದಿಲ್ಲ. ವಾಸನೆಯಿಲ್ಲ. ತುಟಿಗೆ ತಣ್ಣಗೆ ಏನೋ ತಾಗಿತು. ಉಳಿಯ ಮೊನೆ. ಅವಳು ಹಲ್ಲು ಕಚ್ಚಿ, ಬಾಯಿ ಬಿಗಿದು ಕೂತಳು. ಬಿಡಲಿಲ್ಲ. ರಾತ್ರಿಯೆಲ್ಲ ಬಿಡಲಿಲ್ಲ.

ಬೆಳಿಗ್ಗೆ ಹೊನ್ನಕ್ಕ ಬಂದಾಗ ಅವಳ ಜೊತೆ ಮಾರಣ್ಣನೂ ಇದ್ದ. ಯುಗಾದಿ ಇನ್ನೂ ದೂರವಿತ್ತು. ಕನಸಿನಲ್ಲಿ ಹೆಂಡತಿ ಬೆನ್ನು ತಿರುಗಿಸಿಯೇ ಕೂತಿದ್ದಳೆಂದು ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ ಬಂದಿದ್ದ. ಶಶಿರೇಖಾ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ ಒಂದು ಗೀರಾಗಿತ್ತು. ತೆರೆದ ಕಣ್ಣುಗಳು ಎಲ್ಲಿಯೂ ನೋಡುತ್ತಿರಲಿಲ್ಲ.

"ಶಶಿ, ನಾನು ಕಣೇ. ಬಂದೀನಿ ನೋಡು."

ಅವಳಿಗೆ ಕೇಳಲಿಲ್ಲ. ಅವನು ಅವಳ ಕೈ ಹಿಡಿದುಕೊಂಡ. ಅವಳ ಬೆರಳು ಅವನ ಅಂಗೈಯ ಮೇಲೆ ಹರಿದಾಡಿ, ಕುರಿಕೋಲು ಹಿಡಿದು ಗಟ್ಟಿಯಾದ ಗಂಟಿನ ಮೇಲೆ ನಿಂತಿತು. ಗುರುತು ಸಿಕ್ಕಿತು. ಮುಖವೆಲ್ಲ ಅರಳಿತು.

ಹೆಸರು ಹಿಡಿದು ಕರೆಯಲು ಅವಳು ಬಾಯಿ ತೆರೆದಳು.

ಟಣ್.

ಕರೆ ಹೊರಬರಲಿಲ್ಲ. ಮುಂದೆಂದೂ ಬರಲಿಲ್ಲ. ಹೊನ್ನಕ್ಕ ತಲೆಯೆತ್ತಿ ನೋಡಿದಳು. ಕಂಬದ ಮೇಲೆ ನರ್ತಕಿಯ ತುಟಿಗಳು ಯಾರನ್ನೋ ಕರೆಯಹೊರಟಂತೆ ಅರೆತೆರೆದಿದ್ದವು. ಕಲ್ಲಿನ ಪುಡಿ ಇನ್ನೂ ಸಣ್ಣಗೆ ಉದುರುತ್ತಿತ್ತು. ಕಂಬದ ಬುಡದಲ್ಲಿ ಯಾರೋ ದೀರ್ಘವಾಗಿ ಉಸಿರು ಬಿಟ್ಟು, ಉಳಿಯನ್ನು ನೆಲಕ್ಕಿಟ್ಟ ಸದ್ದಾಯಿತು.