ಅಳಿಸಿ ನೋಡಿದ ದನಿ

"ಹೋದರೂ ಪರವಾಗಿಲ್ಲ ಅನ್ನೋ ಹಾಗಿರೋ ಒಂದು ಫೈಲ್ ಕೊಡಿ ಸರ್."

ಅವಳು ಕೇಳಿದ್ದು ಅಷ್ಟೇ. ಎದುರಿಗಿದ್ದವನ ಹುಬ್ಬು ಗಂಟಿಕ್ಕಿತು.

"ಅಂಥದ್ದು ಇಲ್ಲಿ ಒಂದೂ ಇಲ್ಲ."

ತೊದಲುವ ಮಕ್ಕಳಿಗೆ, ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ ಮತ್ತೆ ಮಾತು ಕಲಿಸುವುದು ಅವನ ಕೆಲಸ. ಬಂದವರೆಲ್ಲ ಅವನನ್ನು ಮಾತಿನ ಡಾಕ್ಟರು ಎನ್ನುತ್ತಿದ್ದರು. ಆ ಚಿಕಿತ್ಸಾಲಯದ ಸರ್ವರಿನಲ್ಲಿದ್ದದ್ದೆಲ್ಲ ದನಿಗಳು: ಮೊದಲ ದಿನದ ತಡವರಿಕೆ, ಕೆಲವು ತಿಂಗಳ ನಂತರದ ಒಂದು ಪೂರ್ತಿ ವಾಕ್ಯ, ಗಂಟಲಿನ ಆಪರೇಷನ್ನಿಗೆ ಮುಂಚೆ ಓದಿಸಿಟ್ಟುಕೊಂಡ ಒಂದು ಪುಟ. ಅವು ಕಳೆದುಹೋಗದಂತೆ ಟೇಪಿನ ಮೇಲೆ ಇನ್ನೊಂದು ಪ್ರತಿ ಇಡುವ ಬ್ಯಾಕಪ್ ವ್ಯವಸ್ಥೆ ಮಾಡಿಕೊಡಲು ಅವಳು ಬಂದಿದ್ದಳು.

"ತಪ್ಪಾಗಿ ಹೇಳ್ದೆ ಸರ್. ಬ್ಯಾಕಪ್ ತಗೊಂಡ ಮೇಲೆ ಒಂದು ಫೈಲನ್ನ ಅಳಿಸಿ, ಟೇಪಿಂದ ವಾಪಸ್ ತಂದು ನೋಡ್ಬೇಕು. ಹಾಗೆ ನೋಡದೇ ಇದ್ರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ."

"ಮುಂಚೆ ಬಂದವ್ರೂ ಹೀಗೇ ಚೆನ್ನಾಗಿ ಮಾತಾಡಿದ್ರು. ಒಂದು ವರ್ಷದ ರೆಕಾರ್ಡಿಂಗಿಗೆ ಎಳ್ಳುನೀರು ಬಿಟ್ಟು ಹೋದ್ರು."

"ನಾನು ಚೆನ್ನಾಗಿ ಮಾತಾಡಲ್ಲ ಅಂತ ಈಗಷ್ಟೇ ಗೊತ್ತಾಯ್ತಲ್ಲ ಸರ್."

ಅವನು ನಗಬಾರದೆಂದು ತುಟಿ ಬಿಗಿದ. ಕಣ್ಣು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಅವಳು ಅದನ್ನು ನೋಡಿಯೂ ನೋಡದವಳಂತೆ ಸ್ಕ್ರೂಡ್ರೈವರ್ ಹುಡುಕತೊಡಗಿದಳು. ಅದು ಅವಳ ಕೈಯಲ್ಲೇ ಇತ್ತು.

ಸರ್ವರು ಇದ್ದದ್ದು ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ. ಕೌಂಟರಿನಲ್ಲಿ ಅವನ ಅಮ್ಮ ಕುಳಿತಿರುತ್ತಿದ್ದರು. ಹಿಂದಿನ ವರ್ಷ ಗಂಟಲಿಗೆ ಆಪರೇಷನ್ ಆದಮೇಲೆ ಅವರಿಗೆ ಉಳಿದದ್ದು ಪಿಸುದನಿ ಮಾತ್ರ. ಹೀಗಾಗಿ ಅವರು ಏನು ಹೇಳಿದರೂ ಗುಟ್ಟು ಹೇಳಿದಂತೆಯೇ ಕೇಳಿಸುತ್ತಿತ್ತು.

"ಟೇಪಮ್ಮಾ, ಬಾ ಇಲ್ಲಿ," ಎಂದು ಅವಳನ್ನು ಹತ್ತಿರ ಕರೆದು ಪಿಸುಗುಟ್ಟುವರು. "ನನ್ನ ಮಗ ಈಗೀಗ ಆ ಕೋಣೆಗೆ ಯಾಕೆ ಅಷ್ಟು ಸಲ ಹೋಗ್ತಾನೆ?"

"ಸರ್ವರ್ ನೋಡೋಕೆ ಇರ್ಬೇಕು ಆಂಟಿ."

"ಇಷ್ಟು ವರ್ಷ ಅದು ಅಲ್ಲೇ ಇತ್ತಪ್ಪ."

ಅವನು ನಿಜಕ್ಕೂ ಬರುತ್ತಿದ್ದ. ಒಬ್ಬ ರೋಗಿ ಎದ್ದು ಇನ್ನೊಬ್ಬರು ಬರುವ ನಡುವೆ ಎರಡು ಲೋಟ ಚಹಾ ಹಿಡಿದು ಬಾಗಿಲಲ್ಲಿ ನಿಲ್ಲುವನು. ಟೇಪ್ ಪೆಟ್ಟಿಗೆಯೊಳಗಿನ ಯಂತ್ರದ ಕೈ ಗೂಡಿನಿಂದ ಟೇಪೊಂದನ್ನು ಎತ್ತಿ ಓದುವ ಬಾಯಿಗೆ ಇಡುವುದನ್ನು ಮಗುವಿನಂತೆ ಬಗ್ಗಿ ನೋಡುವನು. ಆಗ ಅವನ ಕೆನ್ನೆಯ ಮೇಲೆ ಪುಟ್ಟ ಹಸಿರು ದೀಪದ ಬೆಳಕು ಬೀಳುತ್ತಿತ್ತು. ಅವಳ ಚಹಾ ಆರಿ ಹೋಗುತ್ತಿತ್ತು. 'ಮೇಡಂ' ಎನ್ನುವುದನ್ನು ಅವನು ಯಾವಾಗ ಬಿಟ್ಟನೋ ಅವಳಿಗೆ ತಿಳಿಯಲಿಲ್ಲ. ಬಿಟ್ಟಿದ್ದು ಮಾತ್ರ ಚೆನ್ನಾಗಿ ತಿಳಿದಿತ್ತು.

ಕೊನೆಯ ದಿನ ಎಲ್ಲ ಸಿದ್ಧವಾಗಿತ್ತು. ಟೇಪ್ ತಿರುಗಿ ನಿಂತಿತು, ಬ್ಯಾಕಪ್ ಯಶಸ್ವಿ ಎಂದು ತೆರೆ ಹೇಳಿತು. ಅವನು ಒಂದು ಫೈಲಿನ ಮೇಲೆ ಬೆರಳಿಟ್ಟ.

"ಇದನ್ನ ಅಳಿಸಿ ನೋಡಿ. ಆಪರೇಷನ್ನಿಗೆ ಮುಂಚಿನ ಅಮ್ಮನ ದನಿ. ಬೇರೆ ಎಲ್ಲೂ ಇಲ್ಲ."

"ಇದನ್ನೇ ಯಾಕೆ?"

"ನಿಮ್ಮ ಮೇಲೆ ನಂಬಿಕೆ ಬಂದಿದೆ. ಅದನ್ನ ಬೇರೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಇಂಥ ಮಾತಿಗಾಗಿಯೇ ಅವಳು ಇಷ್ಟು ದಿನ ಕಿವಿ ತೆರೆದಿಟ್ಟಿದ್ದಳು. ಹೂಂ ಎಂದುಬಿಡಬಹುದಿತ್ತು.

"ನಂಬಬೇಡಿ," ಎಂದಳು. "ಈ ಕೆಲಸದಲ್ಲಿ ನಾನು ಯಾರನ್ನೂ ನಂಬಲ್ಲ, ನನ್ನನ್ನೂ ಸೇರಿಸಿ. ಮೊದಲು ಅದರ ಒಂದು ನಕಲು ಮಾಡೋಣ. ಟೇಪಿಗೆ ಹಾಕಿ, ಅಳಿಸಿ ನೋಡೋದು ನಕಲನ್ನ."

ಅವನ ಮುಖದ ಬೆಳಕು ಇಳಿಯಿತು. "ಸರಿ ಮೇಡಂ."

ಮೇಡಂ! ಬಾಗಿಲು ಹಾಕಿದ ಸದ್ದಿನಂತೆ ಕೇಳಿಸಿತು. ಆದರೂ ಅವಳು ಸೋಲಲಿಲ್ಲ. ಅಸಲನ್ನು ಒಂದು ಚಿಕ್ಕ ಡಿಸ್ಕಿಗೆ ಹಾಕಿ ಅವನ ಅಂಗೈಯಲ್ಲಿಟ್ಟಳು. ನಕಲನ್ನು ಟೇಪಿಗೆ ಬರೆಸಿ, ಸರ್ವರಿನಿಂದ ಅಳಿಸಿ, ವಾಪಸ್ ಕರೆದಳು.

ಟೇಪ್ ತಿರುಗಿತು. ತಡವರಿಸಿತು. ತೆರೆಯ ಮೇಲೆ ಕೆಂಪು ಸಾಲು ಮೂಡಿತು: ಓದಲಾಗುತ್ತಿಲ್ಲ.

ಅವನು ಡಿಸ್ಕನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. "ಯಶಸ್ವಿ ಅಂತ ಬಂದಿತ್ತಲ್ಲ?"

"ಬರೆಯೋದು ಯಶಸ್ವಿ. ಓದೋಕೆ ಬರ್ತಿಲ್ಲ."

"ನಾನು ಹೇಳಿದ ಹಾಗೆ ಮಾಡಿದ್ರೆ..."

"ಹೋಗಿರೋದು."

ಅವನು ಕುರ್ಚಿಯಲ್ಲಿ ಕುಸಿದು ಕುಳಿತ. ಅವಳು ಯಂತ್ರಗಳನ್ನು ನಡೆಸುವ ತಂತ್ರಾಂಶಗಳ, ಅಂದರೆ ಡ್ರೈವರ್‌ಗಳ ಪಟ್ಟಿ ತೆರೆದಳು. ಕಾರಣ ಅಲ್ಲಿತ್ತು. ಟೇಪ್ ಯಂತ್ರಕ್ಕೂ ಬ್ಯಾಕಪ್ಪಿಗೂ ನಡುವೆ ಮಾತುಕತೆ ನಡೆಸಬೇಕಾದದ್ದು ಬ್ಯಾಕಪ್ ತಂತ್ರಾಂಶದ್ದೇ ಡ್ರೈವರ್. ಹಿಂದಿನ ದಿನ ಸರ್ವರನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗ ಅದರ ಜಾಗದಲ್ಲಿ ಸಿಸ್ಟಮ್ಮಿನ ಸಾಮಾನ್ಯ ಡ್ರೈವರ್ ಬಂದು ಕುಳಿತಿತ್ತು. ದೊಡ್ಡ ದೊಡ್ಡ ತುಂಡುಗಳಾಗಿ ಬರೆಯಲು ಅದು ಬಿಡುತ್ತಿತ್ತು, ಅಷ್ಟು ದೊಡ್ಡ ತುಂಡನ್ನು ಓದಲು ಅದಕ್ಕೆ ಶಕ್ತಿಯಿರಲಿಲ್ಲ. ಅವಳು ಅದನ್ನು ಎಬ್ಬಿಸಿ ಕಳಿಸಿದಳು, ಸರಿಯಾದುದನ್ನು ಕೂರಿಸಿದಳು, ಮತ್ತೆ ಯಾರೂ ಜಾಗ ಹಿಡಿಯದಂತೆ ಕಟ್ಟು ಹಾಕಿದಳು. ಸರ್ವರನ್ನು ಆರಿಸಿ, ಹಚ್ಚಿ, ಇನ್ನೊಮ್ಮೆ ನೋಡಿದಳು. ಹೊಸ ಟೇಪ್ ಹಾಕಿ ಎಲ್ಲವನ್ನೂ ಮೊದಲಿನಿಂದ ಬರೆಸಿದಳು. ಮತ್ತೆ ನಕಲನ್ನು ಅಳಿಸಿದಳು. ಮತ್ತೆ ಕರೆದಳು.

"ಇದು ಆನ್ ಆಗಿದೆಯೇನೋ?" ಸ್ಪೀಕರಿನಿಂದ ತುಂಬುಗಂಟಲಿನ ಹೆಂಗಸಿನ ದನಿ ಕೋಣೆಯನ್ನೆಲ್ಲ ತುಂಬಿತು. "ಏನು ಹೇಳ್ಲಿ ನಾನು? ಮುಖ ನೋಡು ನಿಂದು, ಆಪರೇಷನ್ ನಿನಗೋ ನನಗೋ? ಹೋಗು, ಮೊದಲು ಊಟ ಮಾಡು."

ಬಾಗಿಲಲ್ಲಿ ಅಮ್ಮ ನಿಂತಿದ್ದರು, ಕೈ ಗಂಟಲ ಮೇಲೆ.

"ನಾನು ಇಷ್ಟು ಜೋರಿದ್ನಾ?" ಎಂದು ಪಿಸುಗುಟ್ಟಿದರು.

"ಅವತ್ತು ಹೆದರಿದ್ದೆ ನೀನು. ಅದಕ್ಕೇ ಮೆಲ್ಲಗೆ ಮಾತಾಡಿದ್ದೀಯ," ಎಂದ ಮಗ.

ಅಮ್ಮ ದನಿಯಿಲ್ಲದೆ, ಭುಜ ಕುಲುಕಿಸಿ ನಕ್ಕರು. ಕಣ್ಣೊರೆಸಿಕೊಂಡು, ಇಬ್ಬರನ್ನೂ ಒಂದು ಸಲ ಅಳೆದು ನೋಡಿ, ಬಾಗಿಲೆಳೆದುಕೊಂಡು ಹೋದರು.

ಅವಳು ಚೀಲ ಹೆಗಲಿಗೇರಿಸಿದಳು. "ಕೆಲಸ ಮುಗೀತು."

"ಒಂದು ನಿಮಿಷ. ನಾನು ನಂಬಿಕೆ ಅಂದಾಗ ನೀವು ಬೇಡ ಅಂದ್ರಿ. ನನಗೆ ಅವಮಾನ ಆದ ಹಾಗಾಯ್ತು, ನಿಜ." ಅವನು ಡಿಸ್ಕನ್ನು ಮೇಜಿನ ಮೇಲಿಟ್ಟ. "ಈಗ ಅನ್ನಿಸ್ತಿದೆ, ನನ್ನ ಮಾತು ಕೇಳದೇ ಇರೋರು ಒಬ್ರು ನನಗೆ ಬೇಕು. ಇನ್ನು ಮುಂದೂ ಹೀಗೇ ಕೇಳದೇ ಇರ್ತೀರಾ?"

"ಎಷ್ಟು ದಿನ?"

"ಮುಗಿಯೋ ದಿನ ಅಂತ ಯೋಚಿಸಿಲ್ಲ."

ಅವಳು ತಲೆ ತಗ್ಗಿಸಿ ಚೀಲದ ಪಟ್ಟಿಯನ್ನು ಸುತ್ತಿದಳು, ಬಿಚ್ಚಿದಳು. ಈ ಮಾತಿಗೆ ನಕಲಿಲ್ಲ, ಆಡಿದ ಮೇಲೆ ಅಳಿಸಿ ನೋಡುವಂತೆಯೂ ಇಲ್ಲ.

"ನಿನ್ನೆಯೆಲ್ಲ ನಾನು ಕೂತು ಕೇಬಲ್ಲುಗಳಿಗೆ ಲೇಬಲ್ ಅಂಟಿಸಿದ್ನಲ್ಲ," ಎಂದಳು. "ಅದು ನನ್ನ ಕೆಲಸದಲ್ಲಿ ಇರ್ಲೇ ಇಲ್ಲ. ಮನೆಗೆ ಹೋಗೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ."

ಅವನು ಬಾಯಿ ತೆರೆದ. ಅಷ್ಟು ಜನಕ್ಕೆ ಮಾತು ಕಲಿಸಿದವನಿಗೆ ಒಂದು ಪದವೂ ಹೊರಡಲಿಲ್ಲ. ಕೈ ಮುಂದೆ ಚಾಚಿದ. ಅವಳು ಚೀಲ ಇಳಿಸಿ ಆ ಕೈ ಹಿಡಿದಳು.

ಹೊರಗೆ ಕಾಯುತ್ತಿದ್ದ ಕಿವಿ ಮಂದದ ಅಜ್ಜನೊಬ್ಬರು ಅಮ್ಮನನ್ನು ಏನೋ ಕೇಳಿದಂತಾಯಿತು. ಅಮ್ಮನ ಉತ್ತರ ಒಳಗೆ ಕೇಳಿಸಲಿಲ್ಲ. ಅಜ್ಜನ ಗಂಟಲು ಮಾತ್ರ ಗೋಡೆ ದಾಟಿ ಬಂತು:

"ಏನಂದ್ರಿ? ಡಾಕ್ಟರು ಈಗ ತಾನೇ ಮಾತಾಡೋದು ಕಲೀತಿದ್ದಾರಾ? ಆಗ್ಲಿ ಬಿಡಿ, ನಿಧಾನಕ್ಕೆ ಕಲೀಲಿ. ನನಗೇನೂ ಅವಸರ ಇಲ್ಲ."