ಗಡಿ ಬಸ್ಸು ಬರುವ ತನಕ

ಕೋರ್ಟ್ ಹಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರಬಾರದು. ಯಾರೂ ಬೋರ್ಡು ಬರೆದು ಹಾಕಿಲ್ಲ, ಆದರೂ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವತ್ತು ಜಡ್ಜ್ ಸಾಹೇಬರು ಇನ್ನೂ ಬಂದಿರಲಿಲ್ಲ. ಕೊನೆ ಬೆಂಚಿನಲ್ಲಿ ಬೂದು ಬಣ್ಣದ ಕಾಟನ್ ಸೀರೆಯ ಹೆಂಗಸೊಬ್ಬಳು ಆರಾಮಾಗಿ ಕಾಲ ಮೇಲೆ ಕಾಲು ಹಾಕಿಕೊಂಡು ಗೋಡೆ ಗಡಿಯಾರ ನೋಡ್ತಾ ಕೂತಿದ್ದಳು. ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಡೈವೋರ್ಸ್ ಕೇಸಿಗೆ ಬಂದವಳಿರಬೇಕು ಅಂದುಕೊಂಡು ಎದ್ದು ಹೋಗಿ, "ಕಾಲು ಇಳಿಸಿ ಕೂತ್ಕೊಳ್ಳಮ್ಮ, ಇದು ನಿಮ್ಮನೆ ಜಗಲಿ ಅಲ್ಲ" ಅಂದೆ.

ಅವಳು ಕಾಲು ಇಳಿಸಿದಳು. ನನ್ನ ಮುಖವನ್ನೇ ನೋಡ್ತಾ, ನಿಧಾನವಾಗಿ, ನನಗೇನೋ ಉಪಕಾರ ಮಾಡೋಳ ಥರ ಇಳಿಸಿದಳು. ಎಡಗಡೆ ಹುಬ್ಬು ಒಂಚೂರು ಮೇಲೆ ಹೋಗಿತ್ತು. ತುಟಿ ಬಿಗಿ ಹಿಡಿದಿದ್ದರೂ ಕಣ್ಣು ನಗ್ತಿತ್ತು.

ಆಮೇಲೆ ಸಾಹೇಬರು ಛೇಂಬರಿಗೆ ಕರೆಸಿ ಪರಿಚಯ ಮಾಡಿಸಿದರು. ಹೆಸರು ಮೃದುಲಾ, ಕೋಲಾರದವಳು. ಕೋರ್ಟುಗಳು ತಮ್ಮ ಕೆಲಸ ಹೇಗೆ ನಡೀತಿದೆ ಅಂತ ತಾವೇ ಅಳೆದು ನೋಡಿ ಸರಿಮಾಡಿಕೊಳ್ಳೋದಕ್ಕೆ ನೆರವಾಗೋ ಸಂಸ್ಥೆಯೊಂದರಿಂದ ಬಂದಿದ್ದಾಳೆ, ಮಾವಿನ ಸುಗ್ಗಿ ಮುಗಿಯೋವರೆಗೂ ನಮ್ಮಲ್ಲೇ ಇರ್ತಾಳೆ, ಏನು ಕೇಳಿದರೂ ಕೊಡಬೇಕು ಅಂದರು. ಭೂಮಿ ಬಾಯಿಬಿಟ್ಟು ನನ್ನ ನುಂಗಬಾರದಾ ಅನ್ನಿಸಿತು.

ನಾನು ಸಂಕರ್ಷಣ, ಮುಳಬಾಗಿಲಿನವನು, ಬೆಂಚ್ ಕ್ಲರ್ಕು. ಸಾಹೇಬರ ಮುಂದೆ ಕೆಳಗಡೆ ಕೂತು, ಯಾವ ಫೈಲು ಯಾವಾಗ ಅವರ ಕೈಗೆ ಹೋಗಬೇಕೋ ಕೊಡೋನು. ಯಾವ ಊರಿನ ಕೋರ್ಟು ಅಂತ ಕೇಳಬೇಡಿ, ಕೋಲಾರ ಜಿಲ್ಲೆಯದು ಅಂತಷ್ಟೇ ಹೇಳ್ತೀನಿ. ಆ ವರ್ಷ ನನಗೆ ಶಿರಸ್ತೇದಾರ್ ಆಗಿ ಬಡ್ತಿ ಬರೋದಿತ್ತು. ಎಲ್ಲೆಲ್ಲೋ ಬಿಸಿಲೂರುಗಳಲ್ಲಿ ಸವೆದು ತವರು ಜಿಲ್ಲೆಗೆ ಬಂದವನಿಗೆ ಇನ್ನು ಬೇಕಾಗಿದ್ದು ಅದೊಂದೇ. ಮದುವೆ ವಿಷಯ ನಮ್ಮಮ್ಮ ಜಾನಕಮ್ಮನೂ ಎತ್ತೋದು ಬಿಟ್ಟಿದ್ದಳು.

ಮೃದುಲಾ ದಿನಾ ಬಂದಳು. ನಾನು ಫೈಲಿಂದ ತಲೆ ಎತ್ತಿ ಆ ಕಡೆ ನೋಡಿದರೆ ಸಾಕು, ತಟಕ್ಕನೆ ಎರಡೂ ಪಾದ ಜೋಡಿಸಿ, ಸ್ಕೂಲು ಹುಡುಗಿ ಥರ ಕೈಕಟ್ಟಿ ಕೂತು, ನನ್ನ ಕಡೆ ನೋಡೋಳು. ಸರಿ ಇದೆಯಾ ಅಂತ ಕಣ್ಣಲ್ಲೇ ಕೇಳೋಳು. ನಾನು ನಗಬಾರದು ಅಂತ ಪೆನ್ನು ಕಚ್ಚಿಕೊಳ್ತಿದ್ದೆ.

ಮಿಕ್ಕ ಹೊತ್ತೆಲ್ಲ ಬಾಗಿಲ ಹತ್ತಿರ ನಿಂತು ಆಚೆ ಹೋಗೋ ಕಕ್ಷಿದಾರರನ್ನ ಮಾತಾಡಿಸೋಳು. ಎಷ್ಟು ಹೊತ್ತು ಕಾದಿರಿ, ಒಳಗೆ ಏನಾಯ್ತು ಅಂತ ಗೊತ್ತಾಯ್ತಾ, ಮುಂದಿನ ವಾಯಿದೆ ಯಾವತ್ತು ಅಂತ ಯಾರಾದರೂ ಹೇಳಿದರಾ. ಇಷ್ಟು ವರ್ಷದ ನನ್ನ ನೌಕರೀಲಿ ಇದನ್ನೆಲ್ಲ ಯಾರೂ ಯಾರನ್ನೂ ಕೇಳಿದ್ದು ನಾನು ಕಂಡಿರಲಿಲ್ಲ. ಮಧ್ಯಾಹ್ನ ನನ್ನ ಡಬ್ಬಿಯ ಗೊಜ್ಜು ಅರ್ಧ ಅವಳ ತಟ್ಟೆಗೆ ಹೋಗೋದು ಯಾವಾಗ ಶುರುವಾಯ್ತೋ ನೆನಪಿಲ್ಲ. ಅಮ್ಮ ಒಂದು ದಿನ, ಈಗೀಗ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ ಬರ್ತಿದೆಯಲ್ಲ, ಯಾರಪ್ಪಾ ಅವಳು ಅಂದಳು. ನಾನು ಪೇಪರ್ ಓದ್ತಾ ಇದ್ದವನ ಥರ ಕೂತೆ.

ಹೀಗಿರುವಾಗ ಒಂದು ದಿನ ಊಟದ ಹೊತ್ತಲ್ಲಿ ಅವಳು ಡಬ್ಬಿ ಮುಟ್ಟಲಿಲ್ಲ. ನಾನು ಫೈಲುಗಳ ಸಾಲು ಬದಲಾಯಿಸ್ತಿರೋದು ಅವಳ ಕಣ್ಣಿಗೆ ಬಿದ್ದಿತ್ತು. ಬೆಳಗ್ಗೆ ಗಡಿ ಹಳ್ಳಿಯವರ ಫೈಲು ಕೆಳಕ್ಕೆ ಹೋಗುತ್ತೆ, ಬಿಸಿಲೇರಿದ ಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲಕ್ಕಿಂತ ಮೇಲೆ ಬರುತ್ತೆ, ಇದೇ ಊರಿನವರು ಸಂಜೆಯವರೆಗೂ ಕಾದು ವಾಪಸು ಹೋಗ್ತಾರೆ. ಗಡಿ ಕಡೆ ಕೇಸುಗಳೆಲ್ಲ ಹೆಚ್ಚಾಗಿ ವಕೀಲ ಚನ್ನರಾಯಪ್ಪನವರವು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಯಾಕೆ?" ಅಂತ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಅವರೇನು ಕೊಡ್ತಾರೆ ನಿಮಗೆ?" ಅಂದಳು.

ಬೇರೆ ಯಾರಾದರೂ ಆಗಿದ್ದರೆ ಎರಡು ಮಾತು ಜೋರಾಗೇ ಅನ್ನುತ್ತಿದ್ದೆ. ಅವಳ ಬಾಯಿಂದಲೇ ಬಂತಲ್ಲ ಅಂತ ಡಬ್ಬಿ ಮುಚ್ಚಿದೆ. ಏನು ಬೇಕಾದರೂ ಅಂದ್ಕೊಳ್ಳಿ ಅಂತ ಎದ್ದು ಹೋದೆ. ಆಮೇಲೆ ಕೊನೆ ಬೆಂಚಿನ ಕಡೆ ತಲೆ ಎತ್ತಲಿಲ್ಲ. ಆ ವಾರವೆಲ್ಲ ಗೊಜ್ಜು ಡಬ್ಬಿಯಲ್ಲೇ ಉಳಿದು ಮನೆಗೆ ಬಂತು.

ಭಾನುವಾರ ಅವಳೇ ಫೋನ್ ಮಾಡಿ, ಕುರುಡುಮಲೆ ಗುಡಿ ನೋಡಿಲ್ಲ, ಬರ್ತೀರಾ ಅಂದಳು. ಮಾನ ಇದ್ದವನು ಹೋಗಬಾರದಿತ್ತು. ಹೋದೆ. ಅಷ್ಟೆತ್ತರದ ಗಣೇಶನಿಗೆ ಕೈ ಮುಗಿದು ಆಚೆ ಬಂದು ಕಲ್ಲುಕಟ್ಟೆ ಮೇಲೆ ಕೂತೆವು. ಅವಳು ಸೆರಗಿನ ದಾರ ಎಳೀತಾ ಮಾತು ಶುರುಮಾಡಿದಳು.

ಶುಕ್ರವಾರ ನಸುಕಲ್ಲೇ ಗಡಿ ಕಡೆಯ ಹಳ್ಳಿಗೆ ಹೋಗಿ, ಅಲ್ಲಿಯವರ ಜೊತೆ ಬೆಳಗಿನ ಬಸ್ಸಲ್ಲಿ ಕೋರ್ಟಿಗೆ ಬಂದಳಂತೆ. ಅಲ್ಲಿ ಡೈರಿಗೆ ಹಾಲು ಹಾಕದೆ ಯಾರೂ ಮನೆ ಬಿಡೋದಿಲ್ಲ. ಅವರು ಬರೋ ತನಕ ಬಸ್ಸೂ ನಿಂತಿರುತ್ತೆ. ಇಳಿಯೋ ಹೊತ್ತಿಗೆ ಕೋರ್ಟು ಶುರುವಾಗಿ ಎಷ್ಟೋ ಹೊತ್ತಾಗಿರುತ್ತೆ. ಪಕ್ಕದಲ್ಲಿ ಕೂತಿದ್ದ ಮುದುಕಿ ದಾರಿಯುದ್ದಕ್ಕೂ ಅವಳ ಕೈ ಹಿಡಿದು, "ಮಾ ಕೇಸು ಪಿಲಿಚೇಸಿನಾರಾ" ಅಂತ ತೆಲುಗಲ್ಲಿ ಒಂದೇ ಸಮ ಕೇಳ್ತಿದ್ದಳಂತೆ, ನಮ್ಮ ಕೇಸು ಕೂಗಿಬಿಟ್ಟರಾ ಅಂತ. ಕೂಗಿದಾಗ ಇಲ್ಲದಿದ್ದರೆ ಕೇಸು ವಜಾ ಆಗುತ್ತೆ. ಅದಕ್ಕೇ ನಾನು ಆ ಫೈಲುಗಳನ್ನ ಬಸ್ಸು ಬರೋ ತನಕ ಅಡಿಯಲ್ಲಿಡ್ತಿದ್ದೆ. ಅವರಿಗೆ ವಾಪಸು ಸಂಜೆ ಬಸ್ಸು ಸಿಗಬೇಕು ಅಂತ ಬಂದ ಕೂಡಲೆ ಮೇಲಿಡ್ತಿದ್ದೆ.

"ತಪ್ಪು ತಿಳ್ಕೊಂಡಿದ್ದೆ ನಿಮ್ಮನ್ನ. ಆ ಮಾತು ಆಡಬಾರದಿತ್ತು" ಅಂದಳು. ಕಣ್ಣು ತುಂಬಿತ್ತು. ಇವಳ ಜೊತೆ ಬದುಕಬೇಕು ಅಂತ ನನಗೆ ಆಗಲೇ ಅನ್ನಿಸಿದ್ದು. ಹೇಳೋಕೆ ಬಾಯಿ ತೆರೆದೂ ಇದ್ದೆ.

ಅಷ್ಟರಲ್ಲಿ ಅವಳು, ಆದರೂ ಇದನ್ನ ವರದಿಯಲ್ಲಿ ಬರೀತೀನಿ ಅಂದಳು. ಸಾಹೇಬರನ್ನ ಕೇಳದೆ ಬೆಂಚ್ ಕ್ಲರ್ಕೇ ಸಾಲು ಬದಲಾಯಿಸಿದ್ದಾನೆ ಅಂತ.

ಹಾಗೆ ಬರೆದರೆ ನನ್ನ ಬಡ್ತಿ ಹೋಗುತ್ತೆ ಅಂದೆ. ಗೊತ್ತು ಅಂದಳು. ಅದೊಂದು ಮಾತು ಬಿಟ್ಟುಬಿಡಿ, ಯಾರಿಗೂ ನಷ್ಟ ಇಲ್ಲ ಅಂತ ಬೇಡಿಕೊಂಡೆ. ಹೌದು, ಬೇಡಿಕೊಂಡೆ.

"ಖುದ್ದೂಸ್ ಸಾಬ್ರು ಗೊತ್ತಾ ನಿಮಗೆ?" ಅಂದಳು.

ಗೊತ್ತಿಲ್ಲದೆ ಏನು. ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಮಿಷನ್ ರಿಪೇರಿ ಅಂಗಡಿ, ಅಂಗಡಿ ಮಾಲೀಕರು ಅವರನ್ನ ಬಿಡಿಸೋಕೆ ಹಾಕಿದ ಕೇಸು ನಡೀತಿದೆ. ವಾಯಿದೆ ದಿನ ಅಂಗಡಿ ಮುಚ್ಚಿ, ನೋಯೋ ಮೊಣಕಾಲು ಹಿಡ್ಕೊಂಡು ಬಂದು ಕೂರ್ತಾರೆ. ಅವರ ಸರದಿ ಬರೋ ಹೊತ್ತಿಗೆ ಸಂಜೆ ಆಗಿರುತ್ತೆ, ಮತ್ತೆ ವಾಯಿದೆ. ಊರಿನವರು ತಾನೇ, ಕಾಯ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅವರ ಸಾಕ್ಷಿ ಒಬ್ಬರು ಕಾದು ಕಾದು, ಹೇಳಿಕೆ ಕೊಡದೇ ತೀರಿಕೊಂಡರು ಅಂತ ಅವಳು ಹೇಳಿದಾಗಲೇ ನನಗೆ ಗೊತ್ತಾಗಿದ್ದು.

ತಪ್ಪು ನನ್ನದೇ ಅಂತ ಗೊತ್ತಾದಾಗ ನನಗೆ ಕೋಪ ಬರುತ್ತೆ. ನೀವು ವರದಿ ಕೊಟ್ಟು ಹೋಗೋರು, ಇಲ್ಲಿ ಬಾಳೋರು ನಾವು ಅಂತೇನೇನೋ ಅಂದು, ಅವಳನ್ನ ಅಲ್ಲೇ ಬಿಟ್ಟು ಗಾಡಿ ಸ್ಟಾರ್ಟ್ ಮಾಡಿದೆ. ಊರ ಹತ್ತಿರ ಬಂದಮೇಲೆ ಮನಸ್ಸು ತಡೀಲಿಲ್ಲ, ತಿರುಗಿಸಿಕೊಂಡು ಹೋದೆ. ಅವಳು ಯಾವುದೋ ಆಟೋ ಹತ್ತಿ ಹೋಗಿಬಿಟ್ಟಿದ್ದಳು.

ಕೋಲಾರದಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಮೀಟಿಂಗ್ ನಡೆದ ದಿನ ನನ್ನನ್ನೂ ಕರೆಸಿದ್ದರು. ಅವಳು ಎದ್ದು ನಿಂತು ಓದಿದಳು. ನಾನು ಮಾಡಿದ್ದು ತಪ್ಪು ಅಂತ ಹೇಳಿದಳು, ಯಾಕೆ ಮಾಡಿದೆ ಅನ್ನೋದನ್ನೂ ಹೇಳಿದಳು, ಖುದ್ದೂಸ್ ಸಾಬ್ರಿಗೆ ಆದದ್ದನ್ನೂ ಹೇಳಿದಳು. ಓದುವಾಗ ಒಂದು ಕಡೆ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ನನ್ನ ಬಗ್ಗೆ ನಾನೇ ಹೇಳಿದ್ದರೂ ಅಷ್ಟು ನ್ಯಾಯವಾಗಿ ಹೇಳ್ತಿರಲಿಲ್ಲ.

ಅವಳ ಸಲಹೆಯಂತೆ ಗಡಿ ಹಳ್ಳಿಗಳ ಕೇಸುಗಳನ್ನ ಊಟದ ನಂತರಕ್ಕೆ, ಊರಿನವರದನ್ನ ಬೆಳಗ್ಗೆಗೆ ಇಡಬೇಕು, ಹೊತ್ತನ್ನ ಮೊದಲೇ ಎಲ್ಲರಿಗೂ ತಿಳಿಸಬೇಕು ಅಂತ ಆದೇಶವಾಯ್ತು. ಇಷ್ಟು ಸುಲಭದ ದಾರಿ ನನಗೆ ಯಾಕೆ ಹೊಳೀಲಿಲ್ಲವೋ. ನನಗೆ ಎಚ್ಚರಿಕೆ ಕೊಟ್ಟು ಮಾಲೂರಿಗೆ ಹಾಕಿದರು. ಬಡ್ತಿ ಪಟ್ಟಿಯಲ್ಲಿ ಹೆಸರು ಉಳಿಯಲಿಲ್ಲ.

ಆಚೆ ಬಂದಾಗ ಅವಳು ಬೇವಿನ ಮರದ ಕೆಳಗೆ ಬ್ಯಾಗು ತಬ್ಬಿಕೊಂಡು ನಿಂತಿದ್ದಳು. ನಾನೇ ಹತ್ತಿರ ಹೋದೆ.

"ಕೋಪ ಇದೆಯಾ?" ಅಂದಳು.

"ಇದೆ" ಅಂದೆ. "ಸ್ವಲ್ಪ ದಿನ ಇರುತ್ತೆ."

"ಸಾರಿ ಕೇಳಲ್ಲ. ಆದರೆ ಆ ಪುಟ ಬರೆದಮೇಲೆ ಊಟ ಸೇರಿಲ್ಲ ನನಗೆ. ನಿಮ್ಮ ಮೇಲೆ ಮನಸ್ಸಿಲ್ಲದಿದ್ದಿದ್ದರೆ ಅದನ್ನ ಸಲೀಸಾಗಿ ಬರೆದು ಮುಗಿಸ್ತಿದ್ದೆ." ಇದನ್ನ ಹೇಳುವಾಗ ಅವಳು ನನ್ನ ಕಡೆ ನೋಡಲೇ ಇಲ್ಲ.

ನನಗೆ ದುಃಖವೂ ಆಯ್ತು, ಸಂತೋಷವೂ ಆಯ್ತು. ಅಲ್ಲೇ, ವಕೀಲರು ಓಡಾಡೋ ಜಾಗದಲ್ಲೇ, ಕಣ್ಣು ಒರೆಸಿಕೊಂಡೆ. ನಾಳೆ ನಾನು ತಪ್ಪು ಮಾಡಿದರೆ ಇವಳು ನನ್ನ ಮುಖಕ್ಕೇ ಹೇಳ್ತಾಳೆ, ಬೇರೆಯವರು ನನ್ನ ಮೇಲೆ ಇಲ್ಲದ್ದು ಹೊರಿಸಿದರೆ ಬಸ್ಸು ಹತ್ತಿ ಹೋಗಿ ನಿಜ ತಿಳ್ಕೊಂಡು ಬರ್ತಾಳೆ. ಇನ್ನೇನು ಬೇಕು ಮನುಷ್ಯನಿಗೆ.

"ಮೃದುಲಾ, ಶಿರಸ್ತೇದಾರ್ ಆದಮೇಲೆ ಕೇಳೋಣ ಅಂತಿದ್ದೆ. ಈಗ ಅದಿಲ್ಲ. ಬರೀ ಕ್ಲರ್ಕು, ಮಾಲೂರಲ್ಲಿ ಬಾಡಿಗೆ ಮನೆ ಹುಡುಕಬೇಕು. ನನ್ನ ಮದುವೆ ಆಗ್ತೀರಾ?"

ಅವಳು ಬ್ಯಾಗನ್ನ ಎಡಗೈಗೆ ಬದಲಾಯಿಸಿ, ಬಲಗೈಯಲ್ಲಿ ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿತ್ತು.

"ಮನೆ ನೋಡೋಕೆ ನಾನೂ ಬರ್ತೀನಿ, ನಡೀರಿ" ಅಂದಳು.

ಇಬ್ಬರೂ ಬಸ್ ಸ್ಟ್ಯಾಂಡ್ ಕಡೆ ನಡೆದು, ಮಾಲೂರು ಬಸ್ಸು ಹತ್ತಿದೆವು.