ತುಪಾಕಿ ಮನೆಗೆ ಹೋದ ಅರ್ಜಿ

ಈ ಕಥೆಯನ್ನು ಮೊದಲು ಹೇಳಿದವಳು ಊಟಿ ಬೆಟ್ಟದ ಕೂಕಲ್ತೊರೈ ಹಟ್ಟಿಯ ಮಾತಿ ಎಂಬಾಕೆ. ಬಡಗರ ಹೆತ್ತೆ ಅಮ್ಮನ ಹಬ್ಬ ಕಳೆದ ಮರುವಾರ, ಊರ ಹಿರಿಯರು ಪಂಚಾಯಿತಿಗೆ ಕೂಡುವ ಸುತ್ತುಕಲ್ಲಿನ ಬಳಿ ಬಿಸಿಲಿಗೆ ಕುಳಿತು ಅವರೆ ಸುಲಿಯುತ್ತಿದ್ದ ಏಳೆಂಟು ಹೆಂಗಸರಿಗೆ ಆಕೆ ಇದನ್ನು ಹೇಳಿದಳು. ಆಮೇಲೆ ಕುಂದಾದ ಪವರ್ ಹೌಸ್ ಕ್ವಾರ್ಟರ್ಸಿನಲ್ಲಿಯೂ ಮಸಿನಗುಡಿಯ ಜೀಪ್ ಸ್ಟ್ಯಾಂಡಿನಲ್ಲಿಯೂ ಇದೇ ಕಥೆ ಬೇರೆ ಬಾಯಿಗಳಲ್ಲಿ ಕೇಳಿಬಂತು. ಮಾತು ಅಲ್ಲಲ್ಲಿ ಬದಲಾಗಿದೆ, ನಡೆದದ್ದು ಬದಲಾಗಿಲ್ಲ. ಇದು ಮಾತಿ ಹೇಳಿದಂತೆ.

ಕೂಕಲ್ತೊರೈಯ ಕಮಲಂಗೆ ಒಬ್ಬಳೇ ಮಗಳು, ಅಭಿನಯಾ. ಕೋತಗಿರಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್. ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ಕಮಲಂ ಮಂಜಿನಲ್ಲಿ ಬಗ್ಗಿ ಟೀ ಎಲೆ ಕೀಳುತ್ತಿದ್ದಾಗ, ಹಳ್ಳದಾಚೆಯ ಮೇಲಹಟ್ಟಿಯ ಹಾಲ ಎಂಬ ಮುದುಕ ಕಾಡುಹಂದಿಯೆಂದು ತಿಳಿದು ಗುಂಡು ಹಾರಿಸಿದ. ಅದು ಬಲ ಮೊಣಕಾಲಿಗೆ ಹೊಕ್ಕಿತು. ಹಾಲನೇ ಆಕೆಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದ; ತಾನೇ ಸ್ಟೇಷನ್ನಿಗೆ ಹೋಗಿ ತಪ್ಪೊಪ್ಪಿಕೊಂಡ. ಬೇಕೆಂದು ಮಾಡಿದ್ದಲ್ಲವೆಂದು ಕಮಲಂ ಸಾಕ್ಷಿ ಹೇಳಿದಳು. ಕೇಸು ಮುಗಿಯಿತು. ಬೆಳೆ ಕಾಯುವ ಲೈಸೆನ್ಸಿನ ತುಪಾಕಿ ಹಾಲನ ಮನೆಯ ಗೋಡೆಗೆ ಮರಳಿತು. ಕಮಲಂಳ ಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಅಭಿನಯಾಳ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಆ ಮರಳಿದ ತುಪಾಕಿ. ಬೈದರೆ ಅದು ಕೇಳುವುದಿಲ್ಲವೆಂದು ಅರಿತವಳು ಅರ್ಜಿ ಬರೆದಳು: ಬೆಳೆ ಕಾಯುವ ತುಪಾಕಿಗಳೆಲ್ಲ ಸ್ಟೇಷನ್ನಿನಲ್ಲಿರಲಿ, ಬೇಕಾದವರು ಹಟ್ಟಿಯ ಇಬ್ಬರ ಸಾಕ್ಷಿಯೊಡನೆ ಸಹಿ ಹಾಕಿ ಒಯ್ಯಲಿ, ಮಂಜಿರುವಾಗ ತೋಟದಲ್ಲಿ ಗುಂಡು ಹಾರಿಸಕೂಡದು, ಕಳ್ಳ ನಾಡ ತುಪಾಕಿ ಇಟ್ಟವರು ತಾವಾಗಿ ತಂದೊಪ್ಪಿಸಿದರೆ ಕೇಸು ಬೇಡ. ಹಟ್ಟಿಯಿಂದ ಹಟ್ಟಿಗೆ ನಡೆದು ಸಹಿ ಕೂಡಿಸಿ ಶಾಸಕರ ಮುಂದಿಟ್ಟಳು. ಅವರು ಓದಿ, ಕನ್ನಡಕ ತೆಗೆದು, ವಿಧಾನಸಭೆಯ ಅರ್ಜಿ ಸಮಿತಿ ಊಟಿಗೆ ಬರಲಿದೆ, ಆದರೆ ತುಪಾಕಿ ಇಟ್ಟವರಲ್ಲಿ ಒಬ್ಬರಾದರೂ ನಿನ್ನ ಪಕ್ಕ ನಿಲ್ಲದಿದ್ದರೆ ಅಲ್ಲಿ ನಗುತ್ತಾರಮ್ಮ ಎಂದರು.

ತುಪಾಕಿ ಇಟ್ಟವರಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಮನೆ. ಆ ಶನಿವಾರ ಅವಳು ಹಳ್ಳ ದಾಟಿ ಮೇಲಹಟ್ಟಿಗೆ ಹೋದಳು.

ಅಂಗಳದಲ್ಲಿ ಒಬ್ಬ ಹೆಗಲಿಗೆ ಟವೆಲ್ ಹಾಕಿಕೊಂಡು ಕ್ಯಾರೆಟ್ ತೊಳೆಯುತ್ತಿದ್ದ. ಅವಳ ಕೈಯಲ್ಲಿ ಫೈಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಬಿಗಿದ ಮುಖ ಇವನ್ನು ಕಂಡದ್ದೇ ಅವನು ಎದ್ದು ಕೈ ಒರೆಸಿಕೊಂಡು, ಬನ್ನಿ ಮೇಡಂ, ಸೋಮವಾರ ಬರ್ತೀರಿ ಅಂದುಕೊಂಡಿದ್ದೆ ಎಂದು ಕುರ್ಚಿ ಹಾಕಿದ. ಅವನು ಹಾಲನ ಮೊಮ್ಮಗ ಗಿರಿಧರನ್. ಕುಂದಾದ ಪವರ್ ಹೌಸಿನಲ್ಲಿ ಆಪರೇಟರ್. ಲೈಸೆನ್ಸನ್ನು ಅವನ ಹೆಸರಿಗೆ ಬರೆಸಲು ಹಾಲ ಅರ್ಜಿ ಕೊಟ್ಟಿದ್ದ. ಅದರ ತಪಾಸಣೆಗೆ ತಾಲೂಕು ಆಫೀಸಿನವರು ಬಂದರೆಂದು ಮೊಮ್ಮಗ ತಿಳಿದ.

ಅಭಿನಯಾ ತಿದ್ದಲಿಲ್ಲ. ತಿದ್ದುವಷ್ಟು ಎಡೆಯನ್ನೂ ಅವನು ಕೊಡಲಿಲ್ಲ. ಕಾಫಿ ತಂದ. ತುಪಾಕಿಯನ್ನು ಮಕ್ಕಳಿಗೆ ಎಟುಕದಂತೆ ತೂಗುಹಾಕಿದ ಗೂಟ ತೋರಿಸಿದ. ಸುತ್ತಲ ಏಳು ಹಟ್ಟಿಗಳಲ್ಲಿ ಯಾರು ತೀರಿಕೊಂಡರೂ ಹಗಲಲ್ಲಿ ಈ ಮನೆಯ ಅಂಗಳದಿಂದ ಒಂದು ಗುಂಡು ಆಕಾಶಕ್ಕೆ ಹಾರುತ್ತದೆ, ಅದನ್ನು ಕೇಳಿ ಏಳು ಹಟ್ಟಿಯೂ ಕೆಲಸ ಬಿಟ್ಟು ಹೊರಡುತ್ತದೆ, ಇದು ಮುತ್ತಜ್ಜನ ಕಾಲದ ಮರ್ಯಾದೆ ಎಂದು ಹೇಳುವಾಗ ಅವನ ಹುಬ್ಬು ತಾನಾಗಿ ಮೇಲೇರಿತು. ಎಡ ಹುಬ್ಬು ಮಾತ್ರ. ಅದನ್ನು ಗಮನಿಸಿದ್ದಕ್ಕೆ ಅಭಿನಯಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ನಾನು ತಾಲೂಕು ಆಫೀಸಿನವಳಲ್ಲ," ಎಂದಳು. "ಕಮಲಂ ಮಗಳು."

ಹುಬ್ಬು ಇಳಿಯಿತು. ಅವನು ಅವಳ ಲೋಟವನ್ನು ಮೆಲ್ಲನೆ ಅವಳತ್ತ ಸರಿಸಿದ.

"ಬೈಯೋಕೆ ಬಂದಿದ್ದೀರಿ, ಬೈಯಿರಿ. ಕಾಫಿ ಮಾತ್ರ ಮೊದಲು ಕುಡೀರಿ, ಆರಿಹೋಗುತ್ತೆ."

ಅವಳು ಕುಡಿದಳು. ಕಾಫಿ ಚೆನ್ನಾಗಿತ್ತು ಎಂಬುದು ಇನ್ನೊಂದು ಸಂಕಟ.

ಅಷ್ಟರಲ್ಲಿ ಹಾಲ ತೋಟದಿಂದ ಬಂದ. ಅಭಿನಯಾ ವಾಡಿಕೆಯಂತೆ ತಲೆ ಬಾಗಿದಳು. ಮುದುಕ ವಾಡಿಕೆಯಂತೆ ಆ ತಲೆ ಮುಟ್ಟಿ, ಬದುಕು, ಬದುಕು ಎಂದು ಹರಸಿದ. ಆದರೆ ಅರ್ಜಿಯ ಮಾತೆತ್ತಿದ್ದೇ ಕೈ ಹಿಂದೆಗೆದ. ಗುಂಡು ಹಾರಿಸಿದ್ದು ನಾನು, ನನಗೆ ಬೇಕಾದ ಶಿಕ್ಷೆ ಕೊಡಿಸು. ಏಳು ಹಟ್ಟಿಯ ಮರ್ಯಾದೆಯನ್ನು ಪೊಲೀಸರ ಬೀರುವಿನಲ್ಲಿ ಇಡಿಸಬೇಡ. ಅದು ಈ ಮನೆ ಬಿಡುವುದಾದರೆ ನನ್ನ ಹೆಣದ ಹಿಂದೆ ಎಂದುಬಿಟ್ಟ.

ಅವಳು ಹಳ್ಳದವರೆಗೆ ಇಳಿದಿರಲಿಲ್ಲ, ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು. ಗಿರಿಧರನ್ ಕೈ ಚಾಚಿ ಪೆನ್ನು ಕೇಳಿದ. ಅಲ್ಲೇ ಒಂದು ಕಲ್ಲಿನ ಮೇಲೆ ಹಾಳೆ ಇಟ್ಟು, ತುಪಾಕಿಯ ಲೈಸೆನ್ಸ್ ತನ್ನ ಹೆಸರಿಗೆ ಬೇಡವೆಂದು ಬರೆದು ಸಹಿ ಹಾಕಿ, ಹೆತ್ತಪ್ಪನಿಗೆ ನಾನೇ ಹೇಳ್ತೀನಿ, ಧೈರ್ಯ ಬಂದ ದಿನ ಎಂದ. ಹೆತ್ತಪ್ಪ ಎಂದರೆ ಬಡಗರಲ್ಲಿ ತಾತ.

ಆ ಧೈರ್ಯ ಬರಲು ಆರು ವಾರ ಹಿಡಿಯಿತು. ಆ ಆರು ವಾರ, ರಜೆಯಿದ್ದ ದಿನಗಳಲ್ಲೆಲ್ಲ, ಅವನು ಸ್ನೇಹಿತನ ಜೀಪಿನಲ್ಲಿ ಅವಳನ್ನೂ ಕಮಲಂಳನ್ನೂ ಕೂರಿಸಿಕೊಂಡು ಜಿಲ್ಲೆ ಸುತ್ತಿದ. ಗೂಡಲೂರಿನಲ್ಲಿ ಮಲಯಾಳಂನಲ್ಲಿ ಸಹಿ ಕೇಳಿ ನಗೆಪಾಟಲಾದ. ಮಸಿನಗುಡಿಯಲ್ಲಿ, ಕಾಡಿನಂಚಿನ ಕಳ್ಳ ತುಪಾಕಿಗೆ ತಮ್ಮನನ್ನು ಕಳೆದುಕೊಂಡ ವಸಂತಕುಮಾರ್ ಎಂಬ ಡ್ರೈವರ್ ಇವರಿಗಾಗಿ ಜೀಪ್ ಸ್ಟ್ಯಾಂಡಿನವರೆಲ್ಲರ ಸಹಿ ಹಾಕಿಸಿಕೊಟ್ಟಾಗ, ಅಭಿನಯಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಗಿರಿಧರನ್ ಅದನ್ನು ಜೀಪಿನ ಕನ್ನಡಿಯಲ್ಲಿ ನೋಡಿದ. ಅವನು ನೋಡಿದ್ದನ್ನು ಅವಳೂ ಕನ್ನಡಿಯಲ್ಲಿ ನೋಡಿದಳು. ಆಮೇಲೆ ಕಲ್ಲಟ್ಟಿಯ ಮೂವತ್ತಾರು ತಿರುವುಗಳಲ್ಲೂ ಆ ಕನ್ನಡಿಗೆ ಬಿಡುವಿರಲಿಲ್ಲ. ಹಿಂದಿನ ಸೀಟಿನಿಂದ ಕಮಲಂ, ತಮ್ಮಾ, ರಸ್ತೆ ಮುಂದಿದೆ ಎಂದಳು.

ಒಂದು ದಿನ ಟೀ ಅಂಗಡಿಯ ಮುಂದೆ, ಕಮಲಂ ಜೀಪಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಗ, ಅಭಿನಯಾ ಕೇಳಿಯೇಬಿಟ್ಟಳು.

"ನಿಮ್ಮ ಮನೆಯ ಪಾಪ ತೀರಿಸೋಕೆ ನನ್ನ ಹಿಂದೆ ಬರ್ತಿದ್ದೀರಾ?"

"ಪಾಪ ತೀರಿಸೋದಾದ್ರೆ ನಿಮ್ಮ ಅವ್ವೆ ಹಿಂದೆ ಹೋಗ್ತಿದ್ದೆ," ಎಂದ ಅವನು, ಲೋಟದೊಳಗೆ ನೋಡುತ್ತ. "ನಿಮ್ಮ ಹಿಂದೆ ಬರೋದಕ್ಕೆ ಕಾರಣ ಬೇರೆ."

ಯಾವ ಕಾರಣವೆಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಅರ್ಜಿ ಮುಗಿಯದೆ ಆ ಮನೆಯವನಿಗೆ ಉತ್ತರ ಕೊಡುವುದು ತಾಯಿಯ ಕಾಲನ್ನು ಮರೆತಂತೆ ಎಂದು ಅವಳಿಗೆ ಅನಿಸಿತ್ತು. ಕಮಲಂ ಕಣ್ಣು ಮುಚ್ಚಿದ್ದಳೇ ಹೊರತು ನಿದ್ದೆ ಮಾಡಿರಲಿಲ್ಲ ಎಂದು ಮಾತಿ ಇಲ್ಲಿ ಸೇರಿಸುತ್ತಾಳೆ. ಕುಂದಾದವರು ಈ ಮಾತನ್ನು ಬಿಟ್ಟಿದ್ದಾರೆ.

ಸಮಿತಿಯ ಕರೆ ಬಂತು: ಬರುವ ಗುರುವಾರ, ಊಟಿಯ ಕಲೆಕ್ಟರ್ ಆಫೀಸು. ಇನ್ನು ತಡೆಯುವಂತಿಲ್ಲವೆಂದು ಭಾನುವಾರ ಮಧ್ಯಾಹ್ನ ಗಿರಿಧರನ್ ತಾತನ ಮುಂದೆ ನಿಂತು, ಲೈಸೆನ್ಸ್ ಬೇಡವೆಂದು ಬರೆದುಕೊಟ್ಟದ್ದನ್ನು ಹೇಳಿದ. ಹಾಲ ಗೋಡೆಯತ್ತ ನಡೆದ. ತುಪಾಕಿ ಇಳಿಸಿ, ಅಂಗಳಕ್ಕೆ ಬಂದು, ಇದು ಇನ್ನೂ ನನ್ನದೆಂದು ಮೊಮ್ಮಗನಿಗೂ ಹಳ್ಳದಾಚೆಯ ಹುಡುಗಿಗೂ ತಿಳಿಯಲೆಂದು, ಆಕಾಶಕ್ಕೆ ಒಂದು ಗುಂಡು ಹಾರಿಸಿದ.

ಸಿಟ್ಟಿನಲ್ಲಿ ಮುದುಕ ಮರೆತ ಒಂದೇ ಸಂಗತಿ, ಹಗಲಿನ ಒಂಟಿ ಗುಂಡಿಗೆ ಏಳು ಹಟ್ಟಿಗಳಲ್ಲಿ ಒಂದೇ ಅರ್ಥ.

ಕೂಕಲ್ತೊರೈಯಲ್ಲಿ ಕಮಲಂ ಅದನ್ನು ಕೇಳಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಮೇಲಹಟ್ಟಿಯಲ್ಲಿ ಹಾಸಿಗೆ ಹಿಡಿದವರು ಯಾರೂ ಇರಲಿಲ್ಲ. ಎಲ್ಲರಿಗಿಂತ ಹಿರಿಯ ಹಾಲ. ಫೋನ್ ಮಾಡಿ ವಿಚಾರಿಸೋಣ ಎಂದು ಅಭಿನಯಾ ಹೇಳಿದ್ದಕ್ಕೆ, ಸಾವನ್ನು ಫೋನಿನಲ್ಲಿ ವಿಚಾರಿಸುವವರುಂಟೇ ಎಂದು ಬೈದು, ಬಿಳಿ ಮುಂಡು ಸುತ್ತಿ, ಕೋಲು ಹಿಡಿದು ಹೊರಟಳು. ಹಳ್ಳದ ಏರನ್ನು ಅವಳು ಮೂರು ವರ್ಷದಿಂದ ಹತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಮಗಳ ಕೈ ತಳ್ಳಿ, ಮತ್ತೆ ಹತ್ತಿದಳು.

ಅವರು ಮುಟ್ಟುವಾಗ ಅಂಗಳದಲ್ಲಿ ನೂರಕ್ಕೂ ಹೆಚ್ಚು ಜನ, ಎಲ್ಲರೂ ಬಿಳಿ ಉಟ್ಟವರು. ನಡುವೆ ಜಗಲಿಯ ಮೇಲೆ ಹಾಲ, ಕೈಯಲ್ಲಿ ಟೀ ಲೋಟ, ಮುಖದಲ್ಲಿ ಭೂಮಿ ಬಾಯಿ ಬಿಡಬಾರದೇ ಎಂಬ ಭಾವ. ಅಳುತ್ತ ಬಂದ ಹೆಂಗಸರು ಅರ್ಧ ಅಳುವಿನಲ್ಲಿ ನಿಂತಿದ್ದರು. ಬಾಲಸುಬ್ರಮಣಿಯನ್ ಎಂಬ ಗೆಳೆಯ, ಬಂದದ್ದಾಯಿತು, ಮಲಗಿಬಿಡು ಹಾಲಣ್ಣ, ಮುಗಿಸಿಕೊಂಡೇ ಹೋಗೋಣ ಎಂದ. ನಗು ಹಬ್ಬಿತು. ಕಮಲಂಳನ್ನು ಕಂಡದ್ದೇ ಆ ನಗು ತಗ್ಗಿತು.

ಅವಳು ಜಗಲಿಯ ಅಂಚಿಗೆ ಕುಳಿತು ಉಸಿರು ತಂದುಕೊಂಡಳು. ಹಾಲ ತಲೆ ಎತ್ತದೆ ಕೇಳಿದ.

"ನೀನೂ ಬಂದೆಯಾ ಕಮಲಂ? ನನ್ನ ಸಾವಿಗೆ?"

ಬಡಗರ ಸಾವಿನಲ್ಲಿ ಹೆಣ ಎತ್ತುವ ಮುನ್ನ ಒಬ್ಬ ಹಿರಿಯ ಸತ್ತವರ ಪಾಪಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಒಂದೊಂದಕ್ಕೂ ನೆರೆದವರೆಲ್ಲ, ಅದು ಕಳೆಯಲಿ ಎನ್ನುತ್ತಾರೆ.

"ಪಾಪ ಎಣಿಸುವಾಗ ನನ್ನ ಕಾಲಿನದೂ ಬರುತ್ತಲ್ಲ ಹಾಲಣ್ಣ," ಎಂದಳು ಕಮಲಂ. "ಕಳೆಯಲಿ ಅಂತ ಬೇರೆಯವರು ಹೇಳಿದ್ರೆ ಸಾಲದು. ನಾನೇ ಹೇಳಬೇಕು ಅಂತ ಬಂದೆ."

ಮುದುಕ ಲೋಟ ಕೆಳಗಿಡಲು ಜಗಲಿ ತಡಕಿದ. ಗಿರಿಧರನ್ ಹೋಗಿ ಅದನ್ನು ತೆಗೆದುಕೊಂಡ.

"ಬದುಕಿರುವಾಗಲೇ ಹೇಳಿಬಿಡು," ಎಂದ ಹಾಲ.

"ಬದುಕಿದ್ದವರಿಗೆ ಬರೀ ಮಾತಲ್ಲಿ ಕಳೆಯೋದಿಲ್ಲ. ಗುರುವಾರ ನನ್ನ ಮಗಳ ಜತೆ ಊಟಿಗೆ ಹೋಗಿ ಬಾ. ಆಮೇಲೆ ಹೇಳ್ತೀನಿ."

ಗುರುವಾರ ಕಲೆಕ್ಟರ್ ಆಫೀಸಿನ ಸಭಾಂಗಣದಲ್ಲಿ ಸಮಿತಿಯ ಸದಸ್ಯರು ಉದ್ದನೆಯ ಮೇಜಿನ ಹಿಂದೆ ಕುಳಿತಿದ್ದರು. ಎದುರಿಗೆ ಅಭಿನಯಾ, ಕಮಲಂ, ಹಾಲ; ಇವರ ಹಿಂದೆ ನಾಲ್ಕು ಬಸ್ಸು ತುಂಬ ಬಂದ ಜನ, ಮಸಿನಗುಡಿಯ ಡ್ರೈವರುಗಳು, ಗೂಡಲೂರಿನ ತೋಟದವರು. ಅಧ್ಯಕ್ಷರು ಹಾಳೆ ಮಗುಚುತ್ತ, ತುಪಾಕಿಯ ಕಾನೂನು ದೆಹಲಿಯದಮ್ಮ, ಇಲ್ಲಿ ನಾವೇನು ಮಾಡಲಾಗುತ್ತದೆ ಎಂದರು. ಅಭಿನಯಾ ಹಿಂದೆ ತಿರುಗಿ ನೋಡಿದಳು. ಗೋಡೆಗೊರಗಿ ನಿಂತಿದ್ದ ಗಿರಿಧರನ್‌ನ ಎಡ ಹುಬ್ಬು ಮೇಲೇರಿತು.

"ಕಾನೂನು ದೆಹಲಿಯದು ಸರ್," ಎಂದಳು. "ಲೈಸೆನ್ಸಿನ ಷರತ್ತು ಬರೆಯೋದು ಈ ಜಿಲ್ಲೆಯ ಆಫೀಸು. ಅದನ್ನ ಬಿಗಿ ಮಾಡಿಸಿ ಅಂತ ಕೇಳ್ತಿದ್ದೀವಿ."

ಅಧ್ಯಕ್ಷರು ಪಕ್ಕದ ಅಧಿಕಾರಿಯತ್ತ ತಿರುಗಿದರು. ಅಧಿಕಾರಿ, ಹೌದು ಸರ್, ಆಗುತ್ತದೆ ಎಂದರು. ಆಗ ಹಾಲ ಎದ್ದ. ಅರವತ್ತು ವರ್ಷ ತುಪಾಕಿ ಹಿಡಿದೆ, ಒಂದೇ ಒಂದು ಬೆಳಿಗ್ಗೆ ತಪ್ಪಿದೆ, ಆ ಒಂದು ಈ ಹೆಣ್ಣಿನ ಕಾಲಿನಲ್ಲಿದೆ ಎಂದು ಕಮಲಂಳನ್ನು ತೋರಿಸಿದ. ಮಂಜಿನಲ್ಲಿ ಹಂದಿಯೂ ತಾಯಿಯೂ ಒಂದೇ ಬಣ್ಣ ಎಂದ. ಮರ್ಯಾದೆಗೆ ತುಪಾಕಿ ಬೇಕೆಂದು ತಿಳಿದಿದ್ದೆ. ಕುಂಟುತ್ತ ಏರು ಹತ್ತಿ ಬಂದವಳನ್ನು ಕಂಡ ಮೇಲೆ ಆ ಮಾತು ನನ್ನ ಬಾಯಲ್ಲಿ ನಿಲ್ಲದು ಎಂದ. ಇವನ್ನೆಲ್ಲ ಅವನು ತನ್ನ ಬಡಗ ಮಾತಿನಲ್ಲೇ ಹೇಳಿದ. ತಮಿಳಿಗೆ ತಿರುಗಿಸುತ್ತಿದ್ದ ಗಿರಿಧರನ್ ಎರಡು ಸಲ ನಡುವೆ ನಿಲ್ಲಿಸಿದ. ಎರಡನೆಯ ಸಲ ಉಳಿದದ್ದನ್ನು ಅಭಿನಯಾ ಪೂರೈಸಿದಳು.

ಮೆಟ್ಟಿಲಿಳಿಯುವಾಗ ಕಮಲಂ ಮುದುಕನ ತೋಳು ಹಿಡಿದು, ಹಾಲಣ್ಣ, ಅದು ಕಳೆಯಿತು ಎಂದಳು.

ಸಮಿತಿ ಶಿಫಾರಸು ಮಾಡಿತು. ಶಾಸಕರು ಸಭೆಯಲ್ಲಿ ಎರಡು ಸಲ ಎದ್ದು ಕೇಳಿದರು. ಮಳೆಗಾಲದ ಆಡಿ ತಿಂಗಳಲ್ಲಿ ಆದೇಶ ಬಂತು, ಅರ್ಜಿಯಲ್ಲಿದ್ದ ನಾಲ್ಕೂ ಮಾತು ಅದರಲ್ಲಿದ್ದವು. ಒಪ್ಪಿಸುವ ದಿನ ಕೋತಗಿರಿ ಸ್ಟೇಷನ್ನಿನ ಅಂಗಳದಲ್ಲಿ ನೂರ ಹದಿನಾಲ್ಕು ತುಪಾಕಿಗಳು ಸಾಲಾಗಿ ಮಲಗಿದವು. ಮೊದಲನೆಯದನ್ನು ಹಾಲ ಇಟ್ಟ. ಯಾರೂ ಹೇಳದೆ ಹೆಂಗಸರು ಚಪ್ಪಾಳೆ ತಟ್ಟಿದರು. ತೋಟದ ಕೆಲಸದ ಕೈಗಳ ಚಪ್ಪಾಳೆ, ಬಸ್ ಸ್ಟ್ಯಾಂಡಿನವರೆಗೆ ಕೇಳಿತಂತೆ.

ಗಿರಿಧರನ್‌ಗೆ ಅಂದು ರಜೆ ಸಿಕ್ಕಿರಲಿಲ್ಲ. ಮರುದಿನ ಅಭಿನಯಾ ಊಟಿಗೆ ಹೋಗಿ, ಬಸ್ಸು ಬದಲಿಸಿ, ಮಂಜೂರಿನ ದಾರಿಯಲ್ಲಿ ಕುಂದಾದಲ್ಲಿ ಇಳಿದಳು. ಪವರ್ ಹೌಸಿನ ಗೇಟಿನಲ್ಲಿ ವಾಚ್‌ಮನ್ ಅವನನ್ನು ಕರೆಸಿದ. ಹಳದಿ ಹೆಲ್ಮೆಟ್ಟಿನಲ್ಲಿ ಓಡಿಬಂದವನು ಅವಳ ಕೈ ನೋಡಿದ. ಫೈಲಿರಲಿಲ್ಲ.

"ಎಲ್ಲ ಮುಗೀತಲ್ಲ," ಎಂದ. "ಇನ್ನೇನಾದ್ರೂ ಸಹಿ ಬೇಕಿತ್ತಾ?"

"ಏನೂ ಬೇಡ. ನಿಮ್ಮ ಮನೆಯವರ ಹತ್ತಿರ ನನಗೆ ಇನ್ನು ಯಾವ ಕೆಲಸವೂ ಇಲ್ಲ." ಅವಳು ಕನ್ನಡಕ ಸರಿಪಡಿಸಿಕೊಂಡಳು. "ಆದರೂ ಬಂದಿದ್ದೀನಿ."

ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ, ತಲೆಗೂದಲೆಲ್ಲ ನಿಂತಿತ್ತು.

"ಎಷ್ಟು ಬಸ್ಸು ಹತ್ತಿ ಬಂದ್ರಿ?"

"ಎರಡು."

"ವಾಪಸ್ ಹೋಗೋವಾಗ ನಾನೂ ಬರ್ತೀನಿ. ನಿಮ್ಮ ಅವ್ವೆ ಹತ್ತಿರ ನನಗೆ ಕೆಲಸ ಇದೆ."

ಆ ಕೆಲಸವೇನೆಂದು ಕಮಲಂ ಕೇಳಲೂ ಇಲ್ಲ. ಅನ್ನಕ್ಕೆ ನೀರಿಟ್ಟು, ಮೂರು ಜನಕ್ಕೆ ಅಕ್ಕಿ ಹಾಕಿದಳು. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆಯಾಯಿತು. ವಾಡಿಕೆಯಂತೆ ಹೊಸ ಹೆಣ್ಣು ಮೇಲಹಟ್ಟಿಯ ಹಳ್ಳದಿಂದ ಕೊಡ ತುಂಬಿ ತಂದಾಗ, ನೀರು ತುಳುಕಿ ಹೆಗಲೆಲ್ಲ ತೊಯ್ದಿತ್ತು. ಗಂಡು ನಗುತ್ತಿದ್ದ, ಅವಳು ಕಣ್ಣಲ್ಲೇ ಗದರಿಸುತ್ತಿದ್ದಳು, ಮತ್ತು ಇಡೀ ಹಟ್ಟಿ ಆ ಗದರಿಕೆಯನ್ನು ನೋಡುತ್ತ ನಿಂತಿತ್ತು.

ಇಷ್ಟು ಹೇಳಿ ಮಾತಿ ಮಡಿಲಿನ ಸಿಪ್ಪೆ ಕೊಡವಿದಳು. ಕೇಳುತ್ತಿದ್ದವರಲ್ಲಿ ಒಬ್ಬಳು, ಆ ಹೆಣ್ಣಿಗೆ ಈಗ ಎಷ್ಟು ತಿಂಗಳು ಎಂದು ಕೇಳಿದಳು; ಇನ್ನೊಬ್ಬಳು ಬೆರಳಲ್ಲಿ ತೋರಿಸಿದಳು. ಎಲ್ಲರೂ ನಗುತ್ತ, ಒಬ್ಬರ ಕೈ ಒಬ್ಬರು ಹಿಡಿದು ಎದ್ದು, ತೋಟದ ನಡುವಣ ಕಾಲುದಾರಿಯಲ್ಲಿ ಸಾಲಾಗಿ ಮನೆಗೆ ನಡೆದರು.